ಐದನೇ ವಾರದ ಕತ್ತರಿ

ಆ ಬೀದಿಯಲ್ಲಿ ಹೊಲಿಗೆ ಮಿಷನ್ ತುಳಿಯುವವರು ಬೇಕಾದಷ್ಟು ಜನ ಇದ್ದರು. ಕಟಿಂಗ್ ಮಾಸ್ಟರ್ ಮಾತ್ರ ಒಬ್ಬರೇ. ಹೊಲಿಗೆ ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಗಿರಾಕಿಯ ಬಟ್ಟೆಗೆ ಕತ್ತರಿ ಇಟ್ಟ ಮೇಲೆ ಹಿಂದೆ ಬರುವಂತಿಲ್ಲ. ಮೂವತ್ತೊಂದು ವರ್ಷ ಮಾಸ್ಟರ್ ಆ ಕೆಲಸ ಮಾಡಿದ್ದರು. ಮಾತು ಕಡಿಮೆ. ಅಳತೆ ತೆಗೆಯುವಾಗಲೂ "ಕೈ ಎತ್ತಿ", "ಉಸಿರು ಬಿಡಿ" ಎರಡೇ ಮಾತು.

ಅವರ ಕತ್ತರಿ ಹನ್ನೆರಡು ಇಂಚಿನದು, ಕಪ್ಪು ಹಿಡಿ, ತೂಕದ್ದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕತ್ತರಿ ಒಬ್ಬರ ಕೈಗೆ ಪಳಗಿದ ಮೇಲೆ ಇನ್ನೊಬ್ಬರು ಹಿಡಿದರೆ ಅದರ ಬಾಯಿ, ಅಂದರೆ ಅಲಗಿನ ಹರಿತ, ಕೆಡುತ್ತದೆ ಅನ್ನುವುದು ಈ ಕಸುಬಿನವರ ನಂಬಿಕೆ. ಅಂಗಡಿಯಲ್ಲಿ ಮಿಷನ್ ಮೇಲೆ ಕೂರುತ್ತಿದ್ದವನು ಅವರ ಹೆಂಡತಿಯ ತಮ್ಮ. ನಲವತ್ತರ ಹತ್ತಿರದವನು, ಹದಿನಾಲ್ಕು ವರ್ಷದಿಂದ ಜೊತೆಗಿದ್ದವನು. ಅವನೂ ಆ ಕತ್ತರಿಯನ್ನು ಒರೆಸಲು ಕೂಡ ಎತ್ತಿದವನಲ್ಲ.

ಒಂದು ದಿನ ಗಿರಾಕಿಗಳು ಟ್ರಯಲ್ ನೋಡುವ ನಿಲುವುಗನ್ನಡಿಯ ಮೊಳೆ ಸಡಿಲವಾಗಿ ಕನ್ನಡಿ ಮುಂದಕ್ಕೆ ವಾಲಿತು. ಮಾಸ್ಟರ್ ಬಲಗೈ ಕೊಟ್ಟು ತಡೆದರು. ಕನ್ನಡಿ ಒಡೆದು ಅಂಗೈ ಸೀಳಿತು. ನಡುಬೆರಳು, ಉಂಗುರದ ಬೆರಳು ಎರಡೂ ಬಗ್ಗುವುದು ನಿಂತುಹೋಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಮೂರನೇ ದಿನವೇ ಕೈಗೆ ವ್ಯಾಯಾಮ ಮಾಡಿಸುವ ಕೆಳಗಿನ ಕೋಣೆಗೆ ಕಳಿಸಿದರು.

ಆ ಕೋಣೆ ರಕ್ತ ಪರೀಕ್ಷೆಯ ಕೋಣೆಯ ಹಿಂದೆ ಇತ್ತು. ಮೂರು ಮೇಜು, ಬಿಸಿ ಮೇಣದ ಒಂದು ಪೆಟ್ಟಿಗೆ, ಒಂದು ಬುಟ್ಟಿ ತುಂಬ ಬಟ್ಟೆ ಕ್ಲಿಪ್ಪು, ಗೋಲಿ, ನಟ್ಟು ಬೋಲ್ಟು. ಒಂದು ಹಲಗೆಗೆ ಗುಂಡಿ, ಕಾಜ ಹೊಲಿದ ಬಟ್ಟೆ ಜಡಿದಿದ್ದರು, ರೋಗಿಗಳು ಗುಂಡಿ ಹಾಕಿ ಬಿಚ್ಚಿ ಅಭ್ಯಾಸ ಮಾಡಲಿ ಅಂತ. ಮಾಸ್ಟರ್ ಮೊದಲ ದಿನವೇ ಅದನ್ನು ನೋಡಿ, "ಕಾಜ ಓರೆ ಇದೆ" ಎಂದರು. ಅಲ್ಲಿ ಥೆರಪಿ ಮಾಡಿಸುವ ಚಿಕ್ಕ ವಯಸ್ಸಿನ ಮೇಡಂ ನಕ್ಕರು. ಆಕೆಗೆ ಎಲ್ಲರೂ ಕೈ ಮೇಡಂ ಅನ್ನುತ್ತಿದ್ದರು. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು.

"ನಿಮ್ಮ ಕೈ ಸರಿಯಾದ್ಮೇಲೆ ನೀವೇ ಹೊಲಿದು ಕೊಡಿ ಮಾಸ್ಟರ್. ಅಲ್ಲೀವರೆಗೂ ಈ ಓರೆ ಕಾಜಾನೇ ಗತಿ."

ಕೈ ಮೇಡಂ ಮಾಸ್ಟರ ಕಸುಬಿನ ಮಾತಲ್ಲೇ ತಿಳಿಸಿ ಹೇಳಿದ್ದರು. "ಪೈಜಾಮಕ್ಕೆ ಲಾಡಿ ಇರುತ್ತಲ್ಲ, ಹಾಗೆ ಬೆರಳಿನ ಒಳಗೂ ಒಂದು ಲಾಡಿ ಓಡಾಡುತ್ತೆ. ನಿಮ್ಮದು ತುಂಡಾಗಿತ್ತು. ಡಾಕ್ಟ್ರು ಹೊಲಿದಿದಾರೆ. ಈಗ ಅದು ಹಸಿ ಹೊಲಿಗೆ. ಅಲ್ಲಾಡಿಸದೆ ಬಿಟ್ರೆ ಸುತ್ತ ಅಂಟಿಕೊಂಡು ಬೆರಳು ಮರಗಟ್ಟುತ್ತೆ. ಜೋರಾಗಿ ಎಳೆದ್ರೆ ಕಿತ್ತುಹೋಗುತ್ತೆ. ಎಷ್ಟು ಬಗ್ಗಿಸಬೇಕು, ಎಷ್ಟು ಬಗ್ಗಿಸಬಾರದು ಅನ್ನೋದು ನನ್ನ ಕೆಲಸ. ಮೂರು ತಿಂಗಳು ಏನನ್ನೂ ಹಿಡೀಬೇಡಿ. ಲೋಟ ಕೂಡ."

"ಹೂಂ" ಎಂದರು ಮಾಸ್ಟರ್. ಮೊಣಕೈ ಕೆಳಗಿನಿಂದ ಬೆರಳ ತುದಿಯವರೆಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಕಳಿಸಿದರು.

ವಾರಕ್ಕೆ ಮೂರು ದಿನ ಹೋಗಬೇಕಿತ್ತು. ಪಕ್ಕದ ಮೇಜಿಗೆ ಒಬ್ಬ ಬಸ್ ಕಂಡಕ್ಟರ್ ಬರುತ್ತಿದ್ದ. ಬಾಗಿಲಲ್ಲಿ ಕೈ ಸಿಕ್ಕಿ ಮೂಳೆ ಮುರಿದು, ಕೂಡಿಕೊಂಡ ಮೇಲೆ ಬೆರಳುಗಳು ಕೊರಡಿನಂತೆ ಆಗಿದ್ದವು. ಕಂಬಿ ಹಿಡಿಯಲು ಆಗದವನನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದು ಅವನ ಆಫೀಸಿನವರು ಹೇಳಿದ್ದರು. ಇನ್ನು ಮೂರು ತಿಂಗಳಿಗೆ ಆಫೀಸಿನ ಡಾಕ್ಟರು ಮುಷ್ಟಿ ಕಟ್ಟಿಸಿ ನೋಡುವವರಿದ್ದರು. ಆದರೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಮೇಡಂ ಬೆರಳು ಬಗ್ಗಿಸಲು ಹಿಡಿದರೆ "ರೈಟ್... ರೈಟ್..." ಎನ್ನುತ್ತಿದ್ದ. ನೋವು ತಡೆಯಲಾಗದಾಗ "ಹೋಲ್ಡಾನ್" ಎನ್ನುತ್ತಿದ್ದ.

"ಇಲ್ಲಿ ಸ್ಟಾಪ್ ಇಲ್ಲ. ಮುಂದಿನ ಸ್ಟಾಪಲ್ಲಿ ಇಳೀರಿ" ಎಂದು ಮೇಡಂ ಇನ್ನೊಂದು ಕೂದಲೆಳೆಯಷ್ಟು ಬಗ್ಗಿಸಿಯೇ ಬಿಡುತ್ತಿದ್ದರು.

"ನೋಡಿ ಮಾಸ್ಟ್ರೇ, ಇಪ್ಪತ್ತು ವರ್ಷ ಪ್ಯಾಸೆಂಜರಿಗೆ ನಾನು ಹೇಳಿದ ಮಾತು ನನಗೇ ವಾಪಸ್ ಬರ್ತಿದೆ" ಎಂದು ಅವನು ಕಣ್ಣೀರು ಒರೆಸಿಕೊಂಡು ನಗುತ್ತಿದ್ದ. ವಾರ ವಾರಕ್ಕೂ ಅವನ ಬೆರಳು ಅಂಗೈಗೆ ಹತ್ತಿರ ಬರುತ್ತಿತ್ತು.

ಮಾಸ್ಟರ್ ಕೈಯೂ ಹಾಗೇ ಚೇತರಿಸಿಕೊಳ್ಳುತ್ತಿತ್ತು. ಐದನೇ ವಾರದ ಒಂದು ಬೆಳಿಗ್ಗೆ ಮೇಡಂ ಸ್ಕೇಲು ಇಟ್ಟು ಅಳೆದು, "ಪುಸ್ತಕದಲ್ಲಿ ಬರೆದ ಹಾಗೇ ಬರ್ತಿದೆ ಮಾಸ್ಟರ್" ಎಂದರು. ಮಾಸ್ಟರ್ ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋದರು.

ಅಲ್ಲಿ ಕಟಿಂಗ್ ಮೇಜಿನ ಮೇಲೆ ಕೋಟಿನ ದಪ್ಪ ಬಟ್ಟೆ ಹಾಸಿತ್ತು. ಭಾಮೈದ ಚಾಕಿನಿಂದ ಗೆರೆ ಹಾಕಿ ಮುಗಿಸಿದ್ದ. ಅವನ ಕೈಯಲ್ಲಿ ಕಪ್ಪು ಹಿಡಿಯ ಕತ್ತರಿ ಇತ್ತು.

"ಇಡು ಅದನ್ನ" ಎಂದರು ಮಾಸ್ಟರ್.

"ಭಾವ, ಗಿರಾಕಿ ನಾಳೆ ಟ್ರಯಲಿಗೆ ಬರ್ತಾರೆ. ನನ್ನ ಕತ್ತರಿ ಈ ಬಟ್ಟೇನ ಕಚ್ಚಿ ಎಳೆಯುತ್ತೆ. ಅಂಚು ಹರಿದುಹೋಗುತ್ತೆ."

"ಇಡು ಅಂದೆ. ಅದರ ಬಾಯಿ ಕೆಡಿಸಬೇಡ."

"ಇನ್ನೇನು ಮಾಡ್ಲಿ? ಹಲ್ಲಲ್ಲಿ ಹರೀಲಾ?"

ಮಾಸ್ಟರ್ ಪ್ಲಾಸ್ಟಿಕ್ ಪಟ್ಟಿಯ ಅಂಟುಪಟ್ಟಿಗಳನ್ನು ಪರ ಪರ ಎಂದು ಬಿಚ್ಚಿದರು. ಕತ್ತರಿ ತೆಗೆದುಕೊಂಡರು. ಐದು ವಾರದ ನಂತರ ಹಿಡಿ ಕೈಗೆ ಬಂತು. ಬೆನ್ನಿನ ಭಾಗ ಸಲೀಸಾಗಿ ಕತ್ತರಿಸಿದರು. ನೋವೇ ಇರಲಿಲ್ಲ. ಭಾಮೈದ "ಸಾಕು ಭಾವ, ಸಾಕು" ಎನ್ನುತ್ತಲೇ ಇದ್ದ. ಕಂಕುಳ ಹತ್ತಿರ ತಿರುವಿನಲ್ಲಿ ಬಟ್ಟೆ ಎರಡು ಪದರ ಇತ್ತು. ಅಲ್ಲಿ ಸ್ವಲ್ಪ ಒತ್ತಿದರು. ಅಂಗೈ ಒಳಗೆ ಟಕ್ ಎಂದಿತು. ಮಿಷನ್ ಓಡುವಾಗ ದಾರ ಕಡಿದಂತೆ, ಅಷ್ಟೇ. ಉಂಗುರದ ಬೆರಳು ಸತ್ತುಹೋದಂತೆ ಜೋತುಬಿತ್ತು. ಕತ್ತರಿ ನೆಲಕ್ಕೆ ಬಿತ್ತು.

ಭಾಮೈದ ಬಗ್ಗಿ ಕತ್ತರಿ ಎತ್ತಿ ಮೇಜಿನ ಮೇಲಿಟ್ಟ.

"ಯಾರಿಗೂ ಹೇಳಬೇಡ" ಎಂದರು ಮಾಸ್ಟರ್.

"ಅಕ್ಕನಿಗೆ?"

"ಅವಳಿಗಂತೂ ಬೇಡವೇ ಬೇಡ."

ಎರಡು ದಿನ ಬಿಟ್ಟು ಥೆರಪಿ ಕೋಣೆಗೆ ಹೋದಾಗ ಅಲ್ಲಿ ಹೇಳಿಬಿಡಬೇಕೆಂದೇ ಹೋಗಿದ್ದರು. ಮೇಡಂ ಪಟ್ಟಿ ಬಿಚ್ಚಿ, "ಉಂಗುರದ ಬೆರಳು ಬಗ್ಗಿಸಿ" ಎಂದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ ಎಂದರು. ಬುಡ ಹಿಡಿದುಕೊಂಡು ತುದಿ ಮಾತ್ರ ಬಗ್ಗಿಸಿ ಎಂದರು. ಆಕೆಯ ಮುಖ ಬಿಳಿಚಿಕೊಂಡಿತು. ಹೇಳಬೇಕೆಂದು ಬಂದದ್ದನ್ನು ಮಾಸ್ಟರ್ ನುಂಗಿಕೊಂಡರು. ಮೇಡಂ ಎದ್ದು ಹೋಗಿ ಆಪರೇಷನ್ ಮಾಡಿದ ಡಾಕ್ಟರನ್ನು ಕರೆತಂದರು.

ಡಾಕ್ಟರು ನಿಂತುಕೊಂಡೇ ಕೈ ನೋಡಿದರು. "ಕಿತ್ತುಹೋಗಿದೆ. ಮನೇಲಿ ಭಾರ ಏನಾದ್ರೂ ಎತ್ತಿದ್ರಾ?"

"ಇಲ್ಲ ಸಾರ್."

ಕತ್ತರಿ ಎತ್ತುವುದು ಭಾರ ಎತ್ತಿದಂತೆ ಅಲ್ಲವಲ್ಲ ಎಂದು ಮಾಸ್ಟರ್ ಮನಸ್ಸಿನಲ್ಲಿ ಅಂದುಕೊಂಡರು.

"ಯಾವಾಗಿಂದ ಹೀಗಿದೆ?"

"ಮೊನ್ನೆಯಿಂದ. ಇಲ್ಲಿಗೆ ಬಂದು ಹೋದ ದಿನದಿಂದ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಅದು ಆಮೇಲೆ ಅವರನ್ನು ಅಷ್ಟು ತಿಂದದ್ದು.

ಡಾಕ್ಟರು ಮೇಡಂ ಕಡೆ ತಿರುಗಿದರು. ಮೂರೂ ಮೇಜಿನವರು ಕೇಳುವಂತೆ, "ಎಷ್ಟು ಸಲ ಹೇಳಿದೀನಿ, ಅಷ್ಟು ಒತ್ತಬೇಡಿ ಅಂತ. ನಾನು ಮೂರು ಗಂಟೆ ಕೂತು ಹೊಲಿದದ್ದು ನಿಮಗೆ ಮೂರು ನಿಮಿಷದ ಕೆಲಸ" ಎಂದರು. ಏನು ಮಾಡಿದಿರೆಂದು ಬರೆದುಕೊಡಿ ಎಂದು ಹೇಳಿ ಹೋದರು. ಕಂಡಕ್ಟರ್ ಕೂಡ ತಲೆ ಬಗ್ಗಿಸಿ ಗೋಲಿ ಎಣಿಸುತ್ತ ಕೂತ.

ಮೇಡಂ ಮಾಸ್ಟರಿಗೆ ಪಟ್ಟಿ ಮತ್ತೆ ಕಟ್ಟಿದರು. "ತಪ್ಪಾಯ್ತು ಮಾಸ್ಟರ್. ಎಲ್ಲಿ ಜಾಸ್ತಿ ಆಯ್ತೋ ನನಗೇ ಗೊತ್ತಾಗ್ಲಿಲ್ಲ" ಎಂದರು.

ಆಗ ಹೇಳಬೇಕಿತ್ತು. ಮಾಸ್ಟರ್ "ಇರಲಿ ಬಿಡಿ" ಎಂದರು. ಕ್ಷಮಿಸಿದವರ ಹಾಗೆ.

ಇನ್ನೊಂದು ಆಪರೇಷನ್ ಆಯಿತು. ಹೆಂಡತಿ ಆಸ್ಪತ್ರೆಯ ಬಾಗಿಲಿನಿಂದ ಮನೆ ಬಾಗಿಲಿನವರೆಗೂ ಆ ಹುಡುಗಿಯನ್ನು ಬೈದಳು. ಬೀದಿಯಲ್ಲಿ ಮೂರು ಮನೆಗೆ ಹೋಗಿ ಹೇಳಿಯೂ ಬಂದಳು. "ಚಿಕ್ಕ ಹುಡುಗಿ, ಕೈ ಅಂದ್ರೆ ಒದ್ದೆ ಬಟ್ಟೆ ಅಂದ್ಕೊಂಡಿದಾಳೆ, ಹಿಂಡಿಬಿಟ್ಲು." ಭಾಮೈದ ಆ ಮಾತು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ಅಂಗಡಿಯಲ್ಲಿ ಹೊಸ ಕನ್ನಡಿ ಜಡಿಯುತ್ತಿದ್ದಾಗ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅಂದ.

"ಗಿರಾಕಿನ ನಿಲ್ಲಿಸಿ ತೋರಿಸೋಕೆ ಅಂತ ತಂದಿದೀವಿ. ನೀವೂ ಒಂದ್ಸಲ ನಿಂತು ನೋಡ್ಕೊಳಿ ಭಾವ."

"ನಿನ್ನ ಕೆಲಸ ನೋಡು."

"ನೋಡ್ತಾನೇ ಇದೀನಿ. ಅದೇ ಕಷ್ಟ."

ಮಾಸ್ಟರ್ ಮತ್ತೆ ಥೆರಪಿ ಕೋಣೆಗೆ ಹೋಗತೊಡಗಿದರು. ಮೇಜು ಅದೇ, ಕ್ಲಿಪ್ಪಿನ ಬುಟ್ಟಿ ಅದೇ, ಓರೆ ಕಾಜ ಅದೇ. ಮೇಡಂ ಮಾತ್ರ ಬದಲಾಗಿದ್ದರು. ನಗು ಇರಲಿಲ್ಲ. ಮಾಸ್ಟರ್ ಬೆರಳನ್ನು ಬಿಸಿ ಕೆಂಡದಂತೆ ಮುಟ್ಟಿ ಬಿಡುತ್ತಿದ್ದರು. ಅದು ಹೊಸ ಹೊಲಿಗೆಯ ಕೈ, ಹಾಗೇ ಇರಬೇಕೇನೋ ಎಂದು ಮಾಸ್ಟರ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಎರಡನೇ ವಾರ ಅವರಿಗೆ ಒಂದು ವಿಷಯ ಹೊಳೆಯಿತು. ಪಕ್ಕದ ಮೇಜಿನಿಂದ "ಹೋಲ್ಡಾನ್" ಕೇಳಿಯೇ ಇರಲಿಲ್ಲ. "ರೈಟ್... ರೈಟ್..." ಅನ್ನುವಷ್ಟರಲ್ಲಿ ಮೇಡಂ ಕೈ ಬಿಟ್ಟು, "ಇವತ್ತಿಗೆ ಸಾಕು" ಎನ್ನುತ್ತಿದ್ದರು. ಕಂಡಕ್ಟರನ ಬೆರಳು ಅಂಗೈಯಿಂದ ಎಷ್ಟು ದೂರದಲ್ಲಿ ನಿಂತಿತ್ತೋ ಅಷ್ಟೇ ದೂರದಲ್ಲಿತ್ತು. ಇನ್ನೂ ಸ್ವಲ್ಪ ಹಿಂದಕ್ಕೇ ಹೋದಂತಿತ್ತು. ಮಾಸ್ಟರ್ ಕಣ್ಣು ಅಳತೆಯ ಕಣ್ಣು. ಕಾಲಿಂಚು ಹೆಚ್ಚು ಕಡಿಮೆಯಾದರೂ ಗೊತ್ತಾಗುತ್ತಿತ್ತು.

ಅವರಿಗೆ ಆ ಭಯದ ಗುರುತು ಸಿಕ್ಕಿತು. ತಾವು ಹತ್ತೊಂಬತ್ತು ವರ್ಷದವರಿದ್ದಾಗ ತಮಗೆ ಕೆಲಸ ಕಲಿಸುತ್ತಿದ್ದ ದೊಡ್ಡ ಮಾಸ್ಟರ್ ಒಂದು ಕೋಟನ್ನು ತಪ್ಪಾಗಿ ಕತ್ತರಿಸಿದ್ದರು. ಗಿರಾಕಿ ಕೂಗಾಡಿದಾಗ, "ಇವನೇ ಗೆರೆ ತಪ್ಪು ಹಾಕಿದ್ದು" ಎಂದು ಇವರ ಕಡೆ ಬೆರಳು ತೋರಿಸಿದ್ದರು. ಗೆರೆ ಸರಿಯಾಗಿಯೇ ಇತ್ತು. ಆದರೆ ಅಷ್ಟು ಜನರ ಮುಂದೆ ಕೇಳಿಸಿಕೊಂಡ ಮೇಲೆ ಅವರಿಗೇ ಅನುಮಾನ ಬಂತು, ತಪ್ಪಿತ್ತೇನೋ ಅಂತ. ಆಮೇಲೆ ಒಂದು ವರ್ಷ ಅವರು ಗುರುತು ಹಾಕಿದ ಬಟ್ಟೆಯೆಲ್ಲ ಒಂದಿಂಚು ಲೂಸು. "ಏನಪ್ಪಾ, ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗಿದೆ" ಎಂದು ಜನ ನಗುತ್ತಿದ್ದರು. ಟೇಪು ಹಿಡಿದರೆ ಸಾಕು ಬೆರಳು ತಾನಾಗಿಯೇ ಒಂದಿಂಚು ಮುಂದೆ ಹೋಗಿಬಿಡುತ್ತಿತ್ತು. ದೊಡ್ಡ ಮಾಸ್ಟರ್ ಒಂದು ಮಾತು ಹೇಳಿದ್ದರೆ ಅದು ಅವತ್ತೇ ಸರಿಹೋಗುತ್ತಿತ್ತು. ಅವರು ಸಾಯುವವರೆಗೂ ಹೇಳಲಿಲ್ಲ. ಆ ಮನುಷ್ಯನ ಹೆಸರೆತ್ತಿದರೆ ಮಾಸ್ಟರ್ ಇವತ್ತಿಗೂ ಮುಖ ಕಿವುಚುತ್ತಿದ್ದರು.

ಈಗ ಕೈ ಮೇಡಂ ಎಲ್ಲರ ಬೆರಳನ್ನೂ ಒಂದಿಂಚು ಲೂಸು ಬಿಡುತ್ತಿದ್ದರು. ಆ ಒಂದಿಂಚಿನಲ್ಲಿ ಕಂಡಕ್ಟರನ ಕೆಲಸ ಹೋಗುವುದಿತ್ತು.

ಇದು ತಿಳಿದ ಮೇಲೂ ಮಾಸ್ಟರ್ ಮೂರು ಸಲ ಸುಮ್ಮನೆ ಹೋಗಿ ಸುಮ್ಮನೆ ಬಂದರು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ದಿನ ಬಾಗಿಲವರೆಗೆ ಹೋಗಿ, ಮೇಡಂ ಒಬ್ಬರೇ ನೀರಿನ ನಲ್ಲಿಯ ಹತ್ತಿರ ನಿಂತು ರೋಗಿಗಳ ಬೆರಳು ಒತ್ತುವ ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದುದನ್ನು ಕಂಡು, ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದರು.

ನಾಲ್ಕನೇ ಸಲ ಕಂಡಕ್ಟರ್ ತಾನೇ ಬಾಯಿ ಬಿಟ್ಟ. ಮೇಡಂ "ಸಾಕು" ಎಂದಾಗ ಅವನು ಕೈ ತೆಗೆಯಲಿಲ್ಲ.

"ಮೇಡಂ, ನಾನಿನ್ನೂ ಹೋಲ್ಡಾನ್ ಅಂದೇ ಇಲ್ಲ."

"ಬೇಡ. ಇಷ್ಟೇ ಇರಲಿ."

"ಇನ್ನು ಮೂರು ವಾರಕ್ಕೆ ನಮ್ಮ ಡಾಕ್ಟ್ರು ಮುಷ್ಟಿ ಕಟ್ಟು ಅಂತಾರೆ. ಇಷ್ಟೇ ಇದ್ರೆ ನಾನು ಅವರಿಗೆ ಟಾಟಾ ಮಾಡ್ಬೇಕಷ್ಟೆ."

ತಮಾಷೆಯ ಮಾತೇ. ಆದರೆ ಅವನು ನಗಲಿಲ್ಲ. ಮೇಡಂ ಕೂಡ ನಗಲಿಲ್ಲ. "ನಂಗೆ ಧೈರ್ಯ ಸಾಲ್ತಿಲ್ಲ" ಎಂದರು ಮೆತ್ತಗೆ. "ಬೇರೆ ಆಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿಗೆ ಹೋಗಿ."

ಮಾಸ್ಟರ್ ಎದ್ದು ನಿಂತರು. ಯಾಕೆ ಎದ್ದರೆಂದು ಅವರಿಗೂ ಗೊತ್ತಿರಲಿಲ್ಲ. ಕೂತಲ್ಲೇ ಹೇಳಬಹುದಿತ್ತು.

"ಮೇಡಂ, ನೀವು ಕಿತ್ತಿದ್ದಲ್ಲ. ನಾನು ಕಿತ್ಕೊಂಡಿದ್ದು."

ಇಬ್ಬರೂ ತಿರುಗಿ ನೋಡಿದರು.

"ಅವತ್ತು ಇಲ್ಲಿಂದ ಹೋಗಿ ಪಟ್ಟಿ ಬಿಚ್ಚಿದೆ. ಕತ್ತರಿ ಹಿಡಿದೆ. ಕೋಟಿನ ಬಟ್ಟೆ ಕತ್ತರಿಸಿದೆ. ಆಗ ಕಿತ್ತುಹೋಯ್ತು. ಭಾಮೈದ ನನ್ನ ಕತ್ತರಿ ಮುಟ್ಟಿದ್ದ, ಅದಕ್ಕೆ." ಕೊನೆಯ ಮಾತು ಹೇಳುವಾಗ ಅವರ ಸ್ವರವೇ ಏಳಲಿಲ್ಲ. ಒಳಗೆ ಅಷ್ಟು ದೊಡ್ಡದಾಗಿದ್ದ ಕಾರಣ ಹೊರಗೆ ಬಂದಾಗ ಇಷ್ಟೇ ಇಷ್ಟಾಗಿತ್ತು.

ಮಾಸ್ಟರಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಮೊದಲು ಮಾತಾಡಿದವನು ಕಂಡಕ್ಟರ್. "ಟಿಕೆಟ್ ಇಲ್ದೆ ಇಷ್ಟು ದೂರ ಬಂದ್ರಾ ಮಾಸ್ಟ್ರೇ."

ಮೇಡಂ ಅವನಿಗೆ ಸುಮ್ಮನಿರುವಂತೆ ಕೈ ಸನ್ನೆ ಮಾಡಿದರು. ಫೈಲು ತೆಗೆದರು. "ಎಷ್ಟು ಹೊತ್ತಿಗೆ?"

"ಮಧ್ಯಾಹ್ನ. ಹನ್ನೆರಡು, ಹನ್ನೆರಡೂವರೆ."

"ಎಷ್ಟು ಕತ್ತರಿಸಿದ್ರಿ?"

"ಬೆನ್ನು ಪೂರ್ತಿ. ಕಂಕುಳ ಅರ್ಧ."

ಆಕೆ ಬರೆದುಕೊಂಡರು. ಪೆನ್ನು ಮುಚ್ಚಿದರು. "ನಾನು ಒಂದು ತಿಂಗಳಿಂದ ದಿನಾ ಲೆಕ್ಕ ಹಾಕ್ತಿದೀನಿ, ಯಾವ ಬೆರಳಲ್ಲಿ ಎಷ್ಟು ಒತ್ತಿದೆ ಅಂತ. ಮನೇಲಿ ತಮ್ಮನ ಕೈ ಹಿಡ್ಕೊಂಡು ಮತ್ತೆ ಮತ್ತೆ ಮಾಡಿ ನೋಡಿದೀನಿ. ಈ ಕೆಲಸ ಬಿಡ್ತೀನಿ ಅಂತ ಅಪ್ಪನಿಗೆ ಹೇಳಿದೀನಿ." ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಮಾಸ್ಟರಿಗೆ ಸ್ವಲ್ಪ ಹಗುರಾಗುತ್ತಿತ್ತು. "ನಾನು ನಿಮ್ಮ ಹತ್ರ ತಪ್ಪಾಯ್ತು ಅಂದೆ. ನೀವು ಇರಲಿ ಬಿಡಿ ಅಂದ್ರಿ."

"ಅಂದೆ."

"ಡಾಕ್ಟ್ರ ಹತ್ರ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಮಾಸ್ಟರ್ ಮೆಟ್ಟಿಲು ಹತ್ತಿ ಹೋದರು. ಡಾಕ್ಟರ ಬಾಗಿಲಲ್ಲಿ ಹದಿನೈದು ಜನ ಸಾಲಿನಲ್ಲಿದ್ದರು. ತಮ್ಮ ಸರದಿ ಬಂದಾಗ ಬಾಗಿಲು ಮುಚ್ಚಲು ಹೋದ ನರ್ಸಿಗೆ, "ತೆಗೆದೇ ಇರಲಿ" ಎಂದರು. ಅವತ್ತು ಆ ಹುಡುಗಿ ಬೈಸಿಕೊಂಡದ್ದೂ ಜನರ ಮುಂದೆಯೇ ತಾನೇ. ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವತ್ತು ಕತ್ತರಿ ಹಿಡೀದಿದ್ರೆ ಬೆರಳು ಪೂರ್ತಿ ಉಳೀತಿತ್ತು ಕಣ್ರೀ" ಎಂದರು. ಆಮೇಲೆ ತಾವೇ ಎದ್ದು ಕೆಳಗಿನ ಕೋಣೆಗೆ ಹೋದರು. ಅಲ್ಲಿ ಏನು ಮಾತಾಡಿದರೋ ಮಾಸ್ಟರಿಗೆ ಗೊತ್ತಿಲ್ಲ. ಅವರು ಮೆಟ್ಟಿಲ ಮೇಲೆಯೇ ನಿಂತಿದ್ದರು.

ಸಂಜೆ ಹೆಂಡತಿಗೆ ಹೇಳಿದರು. ಭಾಮೈದನೂ ಅಲ್ಲೇ ಇದ್ದ. ಹೆಂಡತಿ ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಚೆನ್ನಾಗಿದೆ. ಇಬ್ಬರು ಗಂಡಸರು ಸೇರಿ ನನ್ನ ಬಾಯಲ್ಲಿ ಒಂದು ಹುಡುಗಿನ ಬೈಸಿದ್ರಿ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಮೂರು ಮನೆಗೆ ಹೇಳಿ ಬಂದಿದೀನಿ. ಈಗ ಅದೇ ಮೂರು ಮನೆ ಮೆಟ್ಟಿಲು ಹತ್ಬೇಕು. ಏಳ್ರೀ. ನಾನೊಬ್ಳೇ ಹೋಗಲ್ಲ."

ಹೋದರು. ಮೊದಲ ಮನೆಯಲ್ಲಿ ಮಾಸ್ಟರ್ ಬಾಯಿ ತೆರೆಯುವ ಮೊದಲೇ ಅವಳು, "ಇವರು ಏನೋ ಹೇಳ್ಬೇಕಂತೆ" ಎಂದು ಪಕ್ಕಕ್ಕೆ ಸರಿದು ನಿಂತಳು. ಮೂರು ಮನೆಯಲ್ಲೂ ಹಾಗೇ ಮಾಡಿದಳು.

ಮುಂದಿನ ಸಲ ಥೆರಪಿಗೆ ಹೋದಾಗ ಮಾಸ್ಟರ್ ಬಾಗಿಲಲ್ಲೇ ನಿಂತರು. ಮೇಡಂ ಅವರ ಕಡೆ ನೋಡದೆ ಬೆಂಚು ತೋರಿಸಿದರು. ಕಂಡಕ್ಟರನ ಕೈ ಮೇಣದಿಂದ ತೆಗೆದು, ಒರೆಸಿ, ಮೇಜಿನ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಹೆಬ್ಬೆರಳು ಕೊಟ್ಟು ಒತ್ತಿದರು.

"ರೈಟ್" ಎಂದ ಕಂಡಕ್ಟರ್. "ರೈಟ್... ರೈಟ್... ಹೋಲ್ಡಾನ್."

ಮೇಡಂ ನಿಲ್ಲಿಸಿದರು. ಮಾಸ್ಟರ್ ಬೆಂಚಿನ ಅಂಚು ಹಿಡಿದುಕೊಂಡರು, ಎಡಗೈಯಲ್ಲಿ.

"ಇಲ್ಲಿ ಸ್ಟಾಪ್ ಇಲ್ಲ" ಎಂದರು ಮೇಡಂ. ದನಿ ಇನ್ನೂ ಗಟ್ಟಿಯಿರಲಿಲ್ಲ. ಆದರೆ ಇನ್ನೊಂದು ಕೂದಲೆಳೆಯಷ್ಟು ಬಗ್ಗಿಸಿದರು. ಕಂಡಕ್ಟರ್ ಹಲ್ಲು ಕಚ್ಚಿಕೊಂಡು ಕೂಗಿದ. ಕೂಗಿ ಆದ ಮೇಲೆ ಕಣ್ಣೊರೆಸಿಕೊಂಡು ನಕ್ಕ.

ಮಾಸ್ಟರ್ ಸರದಿ ಬರಲು ಬಹಳ ಹೊತ್ತಾಯಿತು. ಮೊದಲೆಲ್ಲ "ಬನ್ನಿ ಮಾಸ್ಟರ್" ಎನ್ನುತ್ತಿದ್ದರು. ಅವತ್ತು "ಕೈ ಇಡಿ" ಎಂದರು, ಅಷ್ಟೇ. ಇಟ್ಟರು. ಎಷ್ಟು ಬಗ್ಗಿಸಬೇಕೋ ಅಷ್ಟು ಬಗ್ಗಿಸಿದರು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ನೋವಾಯಿತು.

ಕಂಡಕ್ಟರ್ ಈಗ ಬಸ್ಸಿಗೆ ಹತ್ತುತ್ತಾನೆ. ಮಾಸ್ಟರ್ ಉಂಗುರದ ಬೆರಳು ಅರ್ಧ ಮಾತ್ರ ಬಗ್ಗುತ್ತದೆ. ಕತ್ತರಿಯ ತೂಕ ಅದಕ್ಕೆ ಆಗುವುದಿಲ್ಲ. ಅವರು ಗುಂಡಿ ಹಚ್ಚುತ್ತಾರೆ, ಕಾಜ ಹೊಲಿಯುತ್ತಾರೆ. ಆಸ್ಪತ್ರೆಯ ಹಲಗೆಗೆ ಹೊಸ ಬಟ್ಟೆ ಹೊಲಿದು ಒಯ್ದು ಕೊಟ್ಟರು. ಮೇಡಂ ತೆಗೆದುಕೊಂಡು, ಕಾಜ ನೆಟ್ಟಗಿದೆಯೇ ಎಂದು ತಿರುಗಿಸಿ ನೋಡಿ, ಜಡಿದರು.

ಕಪ್ಪು ಹಿಡಿಯ ಕತ್ತರಿ ಈಗ ಭಾಮೈದನ ಕೈಯಲ್ಲಿದೆ. ಎರಡು ವರ್ಷ ಆಯಿತು. ಕೋಟು, ಪ್ಯಾಂಟು, ಶಾಲೆಯ ಯೂನಿಫಾರಂ, ಎಲ್ಲ ಅದರಲ್ಲೇ. ಅದರ ಬಾಯಿ ಏನೂ ಕೆಟ್ಟಿಲ್ಲ. ಅದು ಬಟ್ಟೆಯ ಮೇಲೆ ಸರಸರ ಓಡುವ ಸದ್ದು ಕೇಳಿದಾಗಲೆಲ್ಲ ಮಾಸ್ಟರ್ ತಲೆ ಬಗ್ಗಿಸಿ ಗುಂಡಿಗೆ ದಾರ ಪೋಣಿಸುತ್ತಾರೆ.